ವಿರುದ್ಧ ದಿಕ್ಕಿನಲ್ಲಿ ಬಂದ ವಾಹನ ಡಿಕ್ಕಿ ಹೊಡೆದರೆ: ನೊಂದವರಿಗೆ ಕಾನೂನಿನಲ್ಲಿರುವ ದಾರಿಗಳು

ರಾಷ್ಟ್ರೀಯ ಹೆದ್ದಾರಿ 66ರ ಬಹುಭಾಗ ಚತುಷ್ಪಥವಾದ ಮೇಲೆ ನಮ್ಮ ಕರಾವಳಿಯ ಊರುಗಳ ಓಡಾಟದ ಕ್ರಮವೇ ಬದಲಾಗಿದೆ. ಎದುರಿಗೇ ಕಾಣುವ ಅಂಗಡಿಗೆ ಅಥವಾ ಪೆಟ್ರೋಲ್ ಬಂಕಿಗೆ ಹೋಗಬೇಕಾದರೂ ದೂರದಲ್ಲಿ ಡಿವೈಡರ್ ತೆರೆದಿರುವ ಜಾಗದವರೆಗೆ ಹೋಗಿ ತಿರುಗಿ ಬರಬೇಕು. ಆ ಸುತ್ತನ್ನು ಉಳಿಸಲು ರಸ್ತೆಯ ಅಂಚಿನಲ್ಲಿ ವಿರುದ್ಧ ದಿಕ್ಕಿಗೆ ಗಾಡಿ ಓಡಿಸುವುದು ಅನೇಕರಿಗೆ ಅಭ್ಯಾಸವಾಗಿಬಿಟ್ಟಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವರಲ್ಲಿ ನೂರಕ್ಕೆ ಸುಮಾರು ಐದು ಮಂದಿಯ ಸಾವಿಗೆ ಕಾರಣ ವಿರುದ್ಧ ದಿಕ್ಕಿನ ಚಾಲನೆ.

ಇಂತಹ ಅಪಘಾತದಲ್ಲಿ ತಪ್ಪು ಯಾರದೆಂದು ಊರಿಗೆಲ್ಲ ತಿಳಿದಿರುತ್ತದೆ. ಆದುದರಿಂದಲೇ ಮನೆಯವರು "ಎಲ್ಲರೂ ನೋಡಿದ್ದಾರಲ್ಲ" ಎಂದು ಸುಮ್ಮನಿದ್ದುಬಿಡುತ್ತಾರೆ. ಆದರೆ ನ್ಯಾಯಮಂಡಳಿಯ ಮುಂದೆ ಬರುವುದು ಕಾಗದಪತ್ರ ಮತ್ತು ಸಾಕ್ಷಿ ಮಾತ್ರ. ಮೊದಲ ಕೆಲವು ದಿನಗಳಲ್ಲಿ ಏನು ದಾಖಲಾಯಿತೋ ಅದರ ಮೇಲೆಯೇ ಮುಂದಿನ ವರ್ಷಗಳ ಪರಿಹಾರ ನಿಂತಿರುತ್ತದೆ. ಈ ದೃಷ್ಟಿಯಿಂದ ಕಾನೂನಿನ ಮುಖ್ಯ ವಿಷಯಗಳನ್ನು ನಾವು ಇಲ್ಲಿ ಸರಳವಾಗಿ ವಿವರಿಸುತ್ತಿದ್ದೇವೆ.

ಎರಡು ಬೇರೆ ಬೇರೆ ದಾರಿಗಳು

ಮೊದಲನೆಯದು ಕ್ರಿಮಿನಲ್ ಪ್ರಕರಣ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ನಿಗದಿತ ಸಂಚಾರ ದಿಕ್ಕಿಗೆ ವಿರುದ್ಧವಾಗಿ ವಾಹನ ಓಡಿಸುವುದನ್ನು ಅಪಾಯಕಾರಿ ಚಾಲನೆ ಎಂದು ಸ್ಪಷ್ಟವಾಗಿ ಹೆಸರಿಸಿದೆ. ಮೊದಲ ತಪ್ಪಿಗೆ 6 ತಿಂಗಳಿಂದ 1 ವರ್ಷದ ಸೆರೆವಾಸ, ಅಥವಾ 1,000 ರೂಪಾಯಿಯಿಂದ 5,000 ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕ ಚಾಲನೆಗೆ 281ನೇ ಕಲಮು, ಗಾಯಕ್ಕೆ 125ನೇ ಕಲಮು, ಸಾವಿಗೆ 106ನೇ ಕಲಮು ಅನ್ವಯಿಸುತ್ತವೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷದ ತನಕ ಶಿಕ್ಷೆಯಿದೆ. ಈ ಪ್ರಕರಣವನ್ನು ನಡೆಸುವುದು ಸರಕಾರ.

ಎರಡನೆಯದು ಪರಿಹಾರದ ಅರ್ಜಿ. ಇದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಡೆಯುತ್ತದೆ. ಇಲ್ಲಿ ತಪ್ಪನ್ನು ಕ್ರಿಮಿನಲ್ ನ್ಯಾಯಾಲಯದಷ್ಟು ಕಟ್ಟುನಿಟ್ಟಾಗಿ ರುಜುವಾತುಪಡಿಸಬೇಕಾಗಿಲ್ಲ. ಹೀಗೇ ನಡೆದಿರುವ ಸಂಭವ ಹೆಚ್ಚು ಎಂದು ತೋರಿಸಿದರೆ ಸಾಕು. ಚಾಲಕ ಕ್ರಿಮಿನಲ್ ಪ್ರಕರಣದಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ತಪ್ಪಿಹೋಗುವುದಿಲ್ಲ.

ಮೊದಲ ದಿನಗಳಲ್ಲಿ ಗಮನಿಸಬೇಕಾದುದು

1. ಆಸ್ಪತ್ರೆಯ ದಾಖಲೆ: ಗಾಯಾಳುವನ್ನು ಸೇರಿಸುವಾಗ ಗಡಿಬಿಡಿಯಲ್ಲಿ ಯಾರೋ "ಬೈಕಿನಿಂದ ಬಿದ್ದದ್ದು" ಎಂದು ಬರೆಸಿಬಿಡುತ್ತಾರೆ. ಈ ಒಂದು ವಾಕ್ಯವನ್ನೇ ಹಿಡಿದು ವಿಮಾ ಕಂಪನಿಯವರು, ಬೇರೆ ವಾಹನ ಡಿಕ್ಕಿ ಹೊಡೆದೇ ಇಲ್ಲ ಎಂದು ವಾದಿಸುವುದುಂಟು. ವಿರುದ್ಧ ದಿಕ್ಕಿನಿಂದ ಬಂದ ವಾಹನ ಡಿಕ್ಕಿಯಾಯಿತು ಎಂದೇ ಹೇಳಿ ಬರೆಸಿ.

2. ಪೊಲೀಸ್ ದೂರು: ಎಫ್.ಐ.ಆರ್.ನಲ್ಲಿ ಎರಡೂ ವಾಹನಗಳು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದ್ದವು, ರಸ್ತೆಯ ಯಾವ ಬದಿಯಲ್ಲಿ ಡಿಕ್ಕಿಯಾಯಿತು, ಡಿವೈಡರ್ ಇತ್ತೇ ಎಂಬುದು ಬರಬೇಕು. ದೂರುದಾರರಿಗೆ ಇದರ ಪ್ರತಿಯನ್ನು ಉಚಿತವಾಗಿ ಕೊಡಬೇಕು.

3. ಸ್ಥಳ ಮಹಜರು ಮತ್ತು ನಕ್ಷೆ: ವಾಹನಗಳನ್ನು ಬದಿಗೆ ಸರಿಸುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಒಳ್ಳೆಯದು. ಗಾಜಿನ ಚೂರು, ಟಯರ್ ಗುರುತು, ಡಿವೈಡರ್, ಏಕಮುಖ ಸಂಚಾರದ ಫಲಕ ಕಾಣುವಂತಿರಲಿ. ಆದರೆ ಗಾಯಾಳುವನ್ನು ಸಾಗಿಸುವುದು ಎಲ್ಲಕ್ಕಿಂತ ಮೊದಲ ಕೆಲಸ.

4. ಸಿ.ಸಿ. ಕ್ಯಾಮೆರಾ: ಅಂಗಡಿ, ಬಂಕು, ಟೋಲ್ ಗೇಟುಗಳ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತವೆ. ಅವನ್ನು ಕೂಡಲೇ ವಶಪಡಿಸಿಕೊಳ್ಳುವಂತೆ ಠಾಣೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

5. ಸಾಕ್ಷಿಗಳು: ಕಂಡವರ ಹೆಸರು ಮತ್ತು ಫೋನ್ ನಂಬರ್ ಬರೆದುಕೊಳ್ಳಿ. ಗಾಯಾಳುವಿಗೆ ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಹೆಸರು ಹೇಳಲು ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134-ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ. ಈ ಭರವಸೆ ಕೊಟ್ಟರೆ ಸಾಕ್ಷಿ ಹೇಳಲು ತಾವಾಗಿಯೇ ಮುಂದೆ ಬರುವವರೂ ಇದ್ದಾರೆ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 50 ದಿನಗಳೊಳಗೆ ಮಧ್ಯಂತರ ವರದಿಯನ್ನೂ, 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಇವು ಸಲ್ಲಿಕೆಯಾಗಿವೆಯೇ ಎಂದು ಠಾಣೆಯಲ್ಲಿ ವಿಚಾರಿಸುವುದು ನೊಂದವರ ಹಕ್ಕು.

ಚಿಕಿತ್ಸೆಯ ಖರ್ಚು

2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ರಸ್ತೆ ಅಪಘಾತದ ಗಾಯಾಳುಗಳಿಗಾಗಿ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಪ್ರಕಟಿಸಿತು. ಇದರಂತೆ ಅಪಘಾತವಾದ ದಿನದಿಂದ 7 ದಿನಗಳ ತನಕ, ಒಬ್ಬರಿಗೆ 1.5 ಲಕ್ಷ ರೂಪಾಯಿ ಮೀರದಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯಬಹುದು. ಆಸ್ಪತ್ರೆ ಈ ಪಟ್ಟಿಯಲ್ಲಿದೆಯೇ ಎಂದು ಸೇರಿಸುವಾಗಲೇ ಕೇಳಿ. ಉಳಿದ ಖರ್ಚಿನ ಬಿಲ್ಲು, ಔಷಧದ ಚೀಟಿ, ಆಂಬುಲೆನ್ಸ್ ರಸೀದಿ ಯಾವುದನ್ನೂ ಎಸೆಯಬೇಡಿ.

ಪರಿಹಾರ ಪಡೆಯುವ ಮೂರು ವಿಧ

ಮೊದಲನೆಯದು 164ನೇ ಕಲಮು. ಇದರಲ್ಲಿ ಯಾರ ತಪ್ಪೆಂದು ತೋರಿಸಬೇಕಾಗಿಲ್ಲ. ಸಾವಿಗೆ 5 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ನಿಗದಿಯಾಗಿದೆ. ಆದರೆ ವಿಮಾ ಕಂಪನಿ ರಾಜಿಗಾಗಿ ಮುಂದಿಟ್ಟ ಈ ಮೊತ್ತವನ್ನು ಒಪ್ಪಿಕೊಂಡರೆ ದೊಡ್ಡ ಮೊತ್ತಕ್ಕಾಗಿ ಹಾಕಿದ ಅರ್ಜಿ ಅಲ್ಲಿಗೇ ಕೊನೆಗೊಳ್ಳುತ್ತದೆ. ವಿರುದ್ಧ ದಿಕ್ಕಿನ ವಾಹನದ ತಪ್ಪು ಸ್ಪಷ್ಟವಾಗಿದ್ದಾಗ, ಮುಖ್ಯವಾಗಿ ದುಡಿಯುವ ವ್ಯಕ್ತಿಯೇ ತೀರಿಕೊಂಡಾಗ, ಯೋಚಿಸದೆ ಸಹಿ ಮಾಡಬಾರದು.

ಎರಡನೆಯದು 166ನೇ ಕಲಮು. ಎದುರು ಪಕ್ಷದ ತಪ್ಪನ್ನು ತೋರಿಸಿ ಪೂರ್ಣ ಪರಿಹಾರ ಕೇಳುವ ದಾರಿ ಇದು. ಗಾಯಾಳು, ಮೃತರ ವಾರಸುದಾರರು ಅಥವಾ ಅವರಿಂದ ಅಧಿಕಾರ ಪಡೆದವರು ಅರ್ಜಿ ಹಾಕಬಹುದು; ಗಲ್ಫ್‌ನಲ್ಲಿರುವ ಮಗ ಊರಿನ ಸಂಬಂಧಿಕರಿಗೆ ಅಧಿಕಾರಪತ್ರ ಕೊಡಬಹುದು. ಅಪಘಾತವಾದ ಊರಿನಲ್ಲಷ್ಟೇ ಅಲ್ಲ, ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೂ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಅಪಘಾತವಾಗಿದ್ದರೂ ಕುಂದಾಪುರದ ಕುಟುಂಬ ಅಲ್ಲಿಗೆ ಅಲೆಯಬೇಕಾಗಿಲ್ಲ.

ಈಗಿನ ಕಾನೂನಿನಂತೆ ಅರ್ಜಿಗೆ 6 ತಿಂಗಳ ಗಡುವಿದೆ. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರ್‌ನಲ್ಲಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕೂರದೆ 6 ತಿಂಗಳೊಳಗೆ ಸಲ್ಲಿಸುವುದೇ ಕ್ಷೇಮ. ಗಡುವು ಮೀರಿದವರು ಇನ್ನೇನೂ ಇಲ್ಲವೆಂದು ಕೈಚೆಲ್ಲದೆ ವಕೀಲರನ್ನು ಕಾಣಲಿ.

ಮೂರನೆಯದು, ಡಿಕ್ಕಿ ಹೊಡೆದ ವಾಹನ ಪರಾರಿಯಾಗಿ ಪತ್ತೆಯೇ ಆಗದಿದ್ದಾಗ 161ನೇ ಕಲಮಿನಂತೆ ಸಿಗುವ ಪರಿಹಾರ. ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ. ಇದಕ್ಕೆ ಅರ್ಜಿಯನ್ನು ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ ಕೊಡಬೇಕು.

ಮೊತ್ತದ ಲೆಕ್ಕ

ಸರ್ವೋಚ್ಚ ನ್ಯಾಯಾಲಯ 2009 ಮತ್ತು 2017ರ ತೀರ್ಪುಗಳಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿದೆ. ಉದಾಹರಣೆಗೆ 38 ವರ್ಷದ, ತಿಂಗಳಿಗೆ 20,000 ರೂಪಾಯಿ ಗಳಿಸುತ್ತಿದ್ದ ಸ್ವಂತ ಉದ್ಯೋಗದ ವ್ಯಕ್ತಿ ತೀರಿಕೊಂಡಿದ್ದಾರೆ, ಅವರನ್ನು ಪತ್ನಿ, ಇಬ್ಬರು ಮಕ್ಕಳು ಮತ್ತು ತಾಯಿ ಅವಲಂಬಿಸಿದ್ದರು ಎಂದಿಟ್ಟುಕೊಳ್ಳೋಣ. ಮುಂದೆ ಹೆಚ್ಚಾಗಬಹುದಾಗಿದ್ದ ಆದಾಯಕ್ಕೆಂದು ಶೇ. 40 ಸೇರಿಸಿದರೆ 28,000. ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 21,000. ವರ್ಷಕ್ಕೆ 2,52,000. ಆ ವಯಸ್ಸಿಗೆ ಗುಣಕ 15. ಒಟ್ಟು 37,80,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ, ಸಾಂಗತ್ಯದ ನಷ್ಟ ಮುಂತಾದವು ಸೇರುತ್ತವೆ. ಮೇಲಿನ 5 ಲಕ್ಷಕ್ಕೂ ಇದಕ್ಕೂ ಇರುವ ಅಂತರವನ್ನು ಓದುಗರೇ ಗಮನಿಸಬಹುದು.

ಆದಾಯಕ್ಕೆ ಪುರಾವೆ ಬೇಕು: ಸಂಬಳದ ಚೀಟಿ, ಬ್ಯಾಂಕ್ ಪುಸ್ತಕ, ವಿದೇಶದಲ್ಲಿದ್ದರೆ ಕೆಲಸದ ಒಪ್ಪಂದ. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಬೆಲೆಯಿದೆ ಎಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೊಮ್ಮೆ ಹೇಳಿದೆ. ಗಾಯಾಳುವಿನ ವಿಷಯದಲ್ಲಿ ವೈದ್ಯರು ಬರೆದ ಅಂಗವೈಕಲ್ಯದ ಶೇಕಡಾವಾರಿಗಿಂತ, ಅದರಿಂದ ಅವರ ಕೆಲಸಕ್ಕೆ ಎಷ್ಟು ಧಕ್ಕೆಯಾಯಿತು ಎಂಬುದೇ ಮುಖ್ಯ. ಕಾಲು ಮಡಚಲಾಗದ ಮೀನುಗಾರನ ನಷ್ಟ, ಕುಳಿತು ಕೆಲಸ ಮಾಡುವವರ ನಷ್ಟಕ್ಕಿಂತ ಹೆಚ್ಚಿರಬಹುದು.

ವಿಮಾ ಕಂಪನಿಯ ವಾದಗಳು

"ಎದುರುಬದುರು ಡಿಕ್ಕಿ, ಹಾಗಾಗಿ ಇಬ್ಬರದೂ ತಪ್ಪು" ಎಂಬುದು ಮೊದಲ ವಾದ. ಇದು ನಿಂತರೆ ಪರಿಹಾರದಲ್ಲಿ ಪಾಲು ಕಡಿತವಾಗುತ್ತದೆ. 10 ಲಕ್ಷದಲ್ಲಿ ನಿಮ್ಮ ತಪ್ಪು ಶೇ. 30 ಎಂದಾದರೆ ಸಿಗುವುದು 7 ಲಕ್ಷ. ಅಪಘಾತದ ನಂತರ ವಾಹನಗಳು ಬಿದ್ದಿದ್ದ ಜಾಗವೊಂದನ್ನೇ ನೋಡಿ ತಪ್ಪು ಹೊರಿಸಲಾಗದು ಎಂದು ಕೇರಳದ ಪ್ರಕರಣವೊಂದರಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಇದು ಎರಡೂ ಪಕ್ಷಕ್ಕೆ ಅನ್ವಯಿಸುವ ಮಾತು. ಆದುದರಿಂದಲೇ ಕಂಡವರ ಸಾಕ್ಷಿ ಮತ್ತು ಕ್ಯಾಮೆರಾ ದೃಶ್ಯಕ್ಕೆ ನಾವು ಇಷ್ಟು ಒತ್ತು ಕೊಡುತ್ತಿದ್ದೇವೆ.

ಲೈಸೆನ್ಸ್ ಇರಲಿಲ್ಲ, ಬೈಕಿನಲ್ಲಿ ಮೂವರಿದ್ದರು ಎಂಬ ವಾದಗಳೂ ಬರುತ್ತವೆ. ಇವು ಬೇರೆ ತಪ್ಪುಗಳೇ ಹೌದು. ಆದರೆ ಅಪಘಾತಕ್ಕೆ ಅವೇ ಕಾರಣವಾಗಿರದಿದ್ದರೆ ಅಷ್ಟಕ್ಕೇ ಪರಿಹಾರ ಕಡಿಮೆ ಮಾಡುವಂತಿಲ್ಲ ಎಂದು 2008 ಮತ್ತು 2020ರ ತೀರ್ಪುಗಳಿವೆ. ಹಿಂದೆ ಕುಳಿತಿದ್ದ ಸವಾರರ ಸ್ಥಿತಿ ಇನ್ನೂ ಗಟ್ಟಿ. ಇಬ್ಬರೂ ಚಾಲಕರ ತಪ್ಪಿದ್ದರೂ ಅವರು ಯಾವುದೇ ಒಂದು ಪಕ್ಷದಿಂದ ಪೂರ್ಣ ಮೊತ್ತ ಕೇಳಬಹುದೆಂದು 2015ರ ತೀರ್ಪು ಹೇಳುತ್ತದೆ. ತಪ್ಪು ಮಾಡಿದ ವಾಹನಕ್ಕೆ ವಿಮೆಯೇ ಇಲ್ಲದಿದ್ದರೆ ನೋಂದಾಯಿತ ಮಾಲೀಕರೇ ಹೊಣೆ.

ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ತಾನೇ ವಿರುದ್ಧ ದಿಕ್ಕಿನಲ್ಲಿ ಹೋಗಿ, ತನ್ನದೇ ತಪ್ಪಿನಿಂದ ಸತ್ತವರ ಕುಟುಂಬಕ್ಕೆ 166ನೇ ಕಲಮಿನಡಿ ಪರಿಹಾರ ಸಿಗದು. 2025ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿ, ಅಜಾಗರೂಕತೆಯಿಂದ ಓಡಿಸಿ ಸತ್ತ ಚಾಲಕನ ಕುಟುಂಬದ ಬೇಡಿಕೆಯನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಐದು ನಿಮಿಷದ ಸುತ್ತು ಉಳಿಸಲು ಹೋಗುವವರು ಮನೆಯವರ ಪಾಲಿನ ಈ ಅಪಾಯವನ್ನೂ ನೆನಪಿಡಬೇಕು.

ವಕೀಲರು ಮತ್ತು ರಾಜಿ

ಆಸ್ಪತ್ರೆಯ ವರಾಂಡದಲ್ಲೇ ವಕಾಲತ್ತಿಗೆ ಸಹಿ ಕೇಳುವ ಮಧ್ಯವರ್ತಿಗಳಿದ್ದಾರೆ. ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಶುಲ್ಕ ಗೊತ್ತು ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಖಾಲಿ ಹಾಳೆಗೆ ಸಹಿ ಬೇಡ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಮೇಲಿನ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡೇ ಅಲ್ಲಿಗೆ ಹೋಗಬೇಕು. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು.

ಕ್ಷಮೆ ಮತ್ತು ಪರಿಹಾರ

ಡಿಕ್ಕಿ ಹೊಡೆದವರು ಅದೇ ಊರಿನವರು, ಕೆಲವೊಮ್ಮೆ ಅದೇ ಚರ್ಚಿನವರೂ ಆಗಿರುತ್ತಾರೆ. "ಕ್ಷಮಿಸಿಬಿಟ್ಟೆವು, ಕೇಸು ಬೇಡ" ಎನ್ನುವ ಕುಟುಂಬಗಳ ಮನಸ್ಸು ದೊಡ್ಡದು. ಆದರೆ ವಾಹನಕ್ಕೆ ವಿಮೆಯಿದ್ದಲ್ಲಿ ಪರಿಹಾರ ಕೊಡುವುದು ಸಾಮಾನ್ಯವಾಗಿ ಆ ನೆರೆಯವರಲ್ಲ, ವಿಮಾ ಕಂಪನಿ. ಅವರ ಮೇಲಿನ ಕೋಪವನ್ನು ಬಿಟ್ಟುಬಿಡಬಹುದು. ಮಕ್ಕಳ ಶಾಲೆ ಮತ್ತು ವಿಧವೆಯ ಅಡುಗೆಮನೆಗೆ ಸೇರಬೇಕಾದುದನ್ನು ಬಿಟ್ಟುಕೊಡಬೇಕಾಗಿಲ್ಲ.

ವಾರ್ಡಿನ ಗುರಿಕಾರರು, ಧರ್ಮಭಗಿನಿಯರು, ಪಾಲನಾ ಮಂಡಳಿಯ ಸದಸ್ಯರು ಸಾವಿನ ಮನೆಗೆ ಮೊದಲು ಹೋಗುವವರು. ಅಲ್ಲಿ ಕಾನೂನಿನ ಮಾತೆತ್ತಲು ಸಂಕೋಚವಾಗುವುದು ಸಹಜ. ಆದರೂ ಏಳನೇ ದಿನದ ಪೂಜೆಯ ಹೊತ್ತಿಗಾದರೂ ಎಫ್.ಐ.ಆರ್. ಪ್ರತಿ ಸಿಕ್ಕಿದೆಯೇ, ಕ್ಯಾಮೆರಾ ದೃಶ್ಯಕ್ಕೆ ಮನವಿ ಕೊಟ್ಟಾಗಿದೆಯೇ, ಬಿಲ್ಲುಗಳನ್ನು ಒಂದೆಡೆ ಇಟ್ಟಿದ್ದಾರೆಯೇ ಎಂದು ಕೇಳಿ. 6 ತಿಂಗಳ ಗಡುವಿನ ದಿನಾಂಕವನ್ನು ಆ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಟ್ಟು ಬನ್ನಿ.