ದಂಡನೆಯ ಗುದ್ದಲಿ

ಉಗಾಂಡ ದೇಶದ ರಾಜಧಾನಿಯಾದ ಕಂಪಾಲಾದಿಂದ ಪೂರ್ವಾಭಿಮುಖವಾಗಿ ಹೊರಟರೆ, ವಿಕ್ಟೋರಿಯಾ ಸರೋವರದ ಉತ್ತರ ತೀರದ ನೆರೆಯಲ್ಲಿ ಮುಕೋನೊ ಎಂಬ ಜಿಲ್ಲೆ ಸಿಗುತ್ತದೆ. ಸಂವತ್ಸರಕ್ಕೆ ಎರಡು ಮಳೆಗಾಲಗಳನ್ನು ಕಾಣುವ ಆ ಕೆಮ್ಮಣ್ಣಿನಲ್ಲಿ ಬಾಳೆಯ ನೆರಳಿಗೆ ಕಾಫಿ, ಕಾಫಿಯ ನಡುವೆ ಕಾಳಿನ ಬಳ್ಳಿ, ಹೀಗೆ ಒಂದರ ಆಶ್ರಯದಲ್ಲಿ ಇನ್ನೊಂದು ಬೆಳೆಯುವುದನ್ನು ಅಲ್ಲಿಯ ಮಕ್ಕಳು ಕಣ್ಣುಬಿಟ್ಟಂದಿನಿಂದ ನೋಡುತ್ತಾರೆ. ಹೀಗಿದ್ದೂ, ಶಾಲೆಗೆ ತಡವಾಗಿ ಬಂದವನಿಗೂ ಪಾಠ ಒಪ್ಪಿಸದವನಿಗೂ ಉಪಾಧ್ಯಾಯರು ಬಹುಕಾಲ ವಿಧಿಸುತ್ತ ಬಂದ ದಂಡನೆಯೆಂದರೆ, ಕೈಗೊಂದು ಗುದ್ದಲಿ ಕೊಟ್ಟು ತೋಟಕ್ಕೆ ಅಟ್ಟುವುದು. ತಂದೆತಾಯಿಗಳು ಯಾವ ಕಾಯಕದಿಂದ ನಿತ್ಯದ ಅನ್ನವನ್ನು ಸಂಪಾದಿಸುತ್ತಾರೋ ಆ ಕಾಯಕವು ಅಪರಾಧಿಗಳ ಪಾಲಿನದೆಂಬುದನ್ನು ಮಗು ಯಾವ ಪಠ್ಯಪುಸ್ತಕದ ನೆರವೂ ಇಲ್ಲದೆ ಕಲಿಯುತ್ತಿತ್ತು.

ಈ ವೈಪರೀತ್ಯವನ್ನು ಸ್ವತಃ ಕಂಡು ಬೆಳೆದವರಲ್ಲಿ ಎಡ್ವರ್ಡ್ ಮುಕೀಬಿ ಒಬ್ಬರು. ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಕೃಷಿಶಾಸ್ತ್ರವನ್ನು ವ್ಯಾಸಂಗ ಮಾಡಿದ ಇವರು 2006ರಲ್ಲಿ ಮಿತ್ರರಾದ ರೋಜರ್ ಸೆರುನ್ಜೋಗಿಯವರೊಡಗೂಡಿ, ಶಾಲೆಯ ಬೇಸಾಯಕ್ಕೆ ನೂತನ ಚೈತನ್ಯವನ್ನು ತರುವ ಉದ್ದೇಶದಿಂದ ‘ಡಿಸ್ಕ್’ ಎಂಬ ಯೋಜನೆಯನ್ನು ಮುಕೋನೊದಲ್ಲಿ ಆರಂಭಿಸಿದರು. ಅದರ ತಿರುಳು ಸರಳ: ಗುದ್ದಲಿಗೆ ಅಂಟಿದ ಕಳಂಕವನ್ನು ತೊಡೆಯದೆ ಗೊಬ್ಬರದ ವಿಷಯ ಬೋಧಿಸಿ ಫಲವಿಲ್ಲ. ಬಿತ್ತಿದ ಮಗುವೇ ಕೊಯ್ಯಬೇಕು, ಕೊಯ್ದದ್ದು ಅದರ ತಟ್ಟೆಗೇ ಬರಬೇಕು, ಉಂಡದ್ದರ ರುಚಿಯನ್ನು ಅದು ಮನೆಯವರಿಗೆ ಹೇಳಬೇಕು.

ಇಲ್ಲಿ ಉಪಾಧ್ಯಾಯರನ್ನಷ್ಟೇ ಹಳಿದರೆ ನ್ಯಾಯವಾಗದು. ರೋಗದ ಬೇರು ಹಳೆಯದು. 1903ರಲ್ಲಿ ಉಗಾಂಡಕ್ಕೆ ಹತ್ತಿಯ ಬೀಜ ಬಂದಿತು. ಬೆಳೆದವರು ಆಫ್ರಿಕದ ರೈತರು, ಬಯಸಿದವರು ಇಂಗ್ಲೆಂಡಿನ ಗಿರಣಿಯವರು. 1924ರಲ್ಲಿ ಪೂರ್ವ ಆಫ್ರಿಕದಲ್ಲಿ ಸಂಚರಿಸಿದ ಫೆಲ್ಪ್ಸ್-ಸ್ಟೋಕ್ಸ್ ಆಯೋಗವು ಅಲ್ಲಿಯ ಮಕ್ಕಳ ವಿದ್ಯಾಭ್ಯಾಸದಲ್ಲಿ ಕೃಷಿಗೆ ಪ್ರಾಧಾನ್ಯ ಸಲ್ಲಬೇಕೆಂದು ಶಿಫಾರಸು ಮಾಡಿತು. ಮಾತು ಕಿವಿಗೆ ಹಿತವೇ. ಆದರೆ ಆಳುವವರ ಮಕ್ಕಳಿಗೆ ಲೇಖನಿ, ಆಳಿಸಿಕೊಳ್ಳುವವರ ಮಕ್ಕಳಿಗೆ ಗುದ್ದಲಿ ಎಂಬ ಹಂಚಿಕೆಯ ವಾಸನೆ ಅದರಲ್ಲಿ ಜನಕ್ಕೆ ಬಡಿದಿದ್ದರೆ ಆಶ್ಚರ್ಯವಿಲ್ಲ. ಸ್ವಾತಂತ್ರ್ಯದ ಅನಂತರ, 1967ರಲ್ಲಿ, ನೆರೆಯ ಟಾಂಜಾನಿಯದ ಜೂಲಿಯಸ್ ನ್ಯೆರೆರೆಯವರು ಪ್ರತಿ ಶಾಲೆಗೂ ತನ್ನದೇ ಹೊಲವಿರಬೇಕೆಂದು, ಸ್ವಾವಲಂಬನೆಯೇ ಶಿಕ್ಷಣದ ಗುರಿಯೆಂದು ಸಾರಿದರು. ಆಶಯ ಉದಾತ್ತವಾದದ್ದು. ಆದರೂ ಎಷ್ಟೋ ಕಡೆ ಶಾಲೆಯ ‘ಷಾಂಬಾ’, ಎಂದರೆ ಹೊಲ, ಕಲಿಕೆಯ ನೆಲೆಯಾಗುವ ಬದಲು ಬಿಟ್ಟಿ ದುಡಿಮೆಯ ನೆಲೆಯಾಗಿ ಪರಿಣಮಿಸಿತು.

ಮುಕೋನೊದಂಥ ಕಡೆಯ ಹೊಸ ತೋಟಗಳಲ್ಲಿ ಬೆಳೆಯುವುದೇನು? ನಮ್ಮ ದಂಟಿನ ಜಾತಿಯ ‘ಡೋಡೊ’; ಬದನೆಯ ಬಳಗಕ್ಕೆ ಸೇರಿದ, ಎಲೆಗಾಗಿಯೇ ಬೆಳೆಸುವ ‘ನಕಾಟಿ’; ಅಲಸಂದೆಯ ಎಳೆಯ ಸೊಪ್ಪಾದ ‘ಗ್ಗೋಬೆ’. ಶಾಲೆಯ ಮಧ್ಯಾಹ್ನದೂಟವೆಂದರೆ ಪೋಷೊ ಎಂಬ ಮೆಕ್ಕೆಜೋಳದ ಗಟ್ಟಿ ಮುದ್ದೆಯೂ ಬೇಯಿಸಿದ ಕಾಳೂ ಎಂದೇ ರೂಢಿಯಾಗಿರುವ ದೇಶದಲ್ಲಿ ಒಂದು ಹಿಡಿ ಸೊಪ್ಪಿನ ಬೆಲೆ ಏನೆಂಬುದನ್ನು, ಮುದ್ದೆಯುಂಡು ಬೆಳೆದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮುದ್ದೆಯ ಮಾತು ಬಂದುದರಿಂದ ಒಂದು ಋಣವನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ನಾವು ನಮ್ಮದೇ ಎಂದು ಹೆಮ್ಮೆಪಡುವ ರಾಗಿಯು ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ನೆಲದಲ್ಲಿ ಮೊದಲು ಮನುಷ್ಯನ ಕೈಗೆ ಪಳಗಿ, ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಧಾನ್ಯ. ಅಲಸಂದೆಯ ತವರೂ ಆಫ್ರಿಕವೇ. ಪಶ್ಚಿಮ ಉಗಾಂಡದಲ್ಲಿ ಇಂದಿಗೂ ರಾಗಿಯ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ತಿರುವಿ, ‘ಕಲೊ’ ಎಂಬ ಮುದ್ದೆಯನ್ನು ಮಾಡುತ್ತಾರೆ. ಮಂಡ್ಯದ ಗೃಹಿಣಿ ಅದನ್ನು ಕಂಡರೆ ಸಾರೆಲ್ಲಿ ಎಂದು ಕೇಳಿಯಾಳು.

ಬೇಸಾಯದ ಕ್ರಮದಲ್ಲಿ ಬೆರಗಿನದೇನೂ ಇಲ್ಲ. ಅಡಿಗೆಮನೆಯ ಕಸ, ಕಿತ್ತ ಕಳೆ, ಸಗಣಿ, ಇವು ಕೊಳೆತು ಗೊಬ್ಬರವಾಗುತ್ತವೆ. ಒಣಗಿದ ಬಾಳೆಯೆಲೆ ಪಾತಿಗೆ ಹೊದಿಕೆಯಾಗಿ ನೆಲದ ತೇವವನ್ನು ಕಾಯುತ್ತದೆ. ಹುಳುವಿಗೆ ಬೂದಿ, ಮೆಣಸಿನಕಾಯಿಯ ಕಷಾಯ. ಒಂದೆರಡು ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡುವುದು. ಅಜ್ಜಿಗೆ ಇದೆಲ್ಲ ತಿಳಿದೇ ಇತ್ತು. ಕರಿಹಲಗೆಯ ಗೌರವ ಮಾತ್ರ ಅವಳ ತಿಳಿವಳಿಕೆಗೆ ದೊರೆತಿರಲಿಲ್ಲ.

ಇಟಲಿಯ ಬ್ರಾ ಪಟ್ಟಣದಲ್ಲಿ ಕಾರ್ಲೊ ಪೆಟ್ರಿನಿಯವರ ನೇತೃತ್ವದಲ್ಲಿ ಹುಟ್ಟಿದ ‘ಸ್ಲೋ ಫುಡ್’ ಚಳವಳಿಯು ಆಫ್ರಿಕದಲ್ಲಿ ಸಾವಿರ ತೋಟಗಳನ್ನು ಎಬ್ಬಿಸುವ ಸಂಕಲ್ಪವನ್ನು 2010ರಲ್ಲಿ ಮಾಡಿತು. ಅದು ಕೈಗೂಡಿದ ಮೇಲೆ ಗುರಿಯನ್ನು ಹತ್ತು ಸಾವಿರಕ್ಕೆ ಏರಿಸಿತು. ಸಂಖ್ಯೆಗಳ ಬಗೆಗೆ ನನಗೆ ಅಷ್ಟು ಭಕ್ತಿಯಿಲ್ಲ. ಉದ್ಘಾಟನೆಯ ದಿನ ಇದ್ದ ತೋಟ ಮರುವರ್ಷವೂ ಇದ್ದರೆ ಅದು ಲೆಕ್ಕ. ಆದರೆ 2022ರಲ್ಲಿ ಪೆಟ್ರಿನಿಯವರ ಅನಂತರ ಆ ವಿಶ್ವವ್ಯಾಪಿ ಸಂಸ್ಥೆಯ ಅಧ್ಯಕ್ಷಪೀಠಕ್ಕೆ ಬಂದವರು, ಗುದ್ದಲಿಯನ್ನು ದಂಡನೆಯಾಗಿ ಕಂಡ ಶಾಲೆಗಳ ನಾಡಿನ ಮುಕೀಬಿಯವರೇ ಎಂಬುದನ್ನು ಮಾತ್ರ ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ.

ತೋಟ ಉಳಿಯುವುದೋ ಅಳಿಯುವುದೋ ಎಂಬುದು ಕಡೆಗೆ ನೀರಿನ ಪ್ರಶ್ನೆ. ಉಗಾಂಡದ ಶಾಲೆಗಳ ವರ್ಷ ಡಿಸೆಂಬರಿನ ಮೊದಲಲ್ಲಿ ಮುಗಿದು ಫೆಬ್ರವರಿಯಲ್ಲಿ ಮತ್ತೆ ತೊಡಗುತ್ತದೆ. ಬಿಸಿಲು ಕಾದು ನೆಲ ಒಣಗುವುದೂ ಸರಿಯಾಗಿ ಆ ಬಿಡುವಿನ ದಿನಗಳಲ್ಲೇ. ಮಕ್ಕಳೂ ಇಲ್ಲದ ಉಪಾಧ್ಯಾಯರೂ ಇಲ್ಲದ ಆ ಎರಡು ತಿಂಗಳು ಪಾತಿಗೆ ನೀರು ಹೊರಬೇಕಾದವರು ಊರಿನವರು.