ಬೀಳುತ್ತಲೇ ಏರುವ ವಿದ್ಯೆ

ಮಧ್ಯಾಹ್ನದ ಬಿಸಿಲಿನಲ್ಲಿ ಊರ ಮೇಲೆ ಸುತ್ತುವ ಹದ್ದನ್ನು ನೋಡದವರಾರು? ರೆಕ್ಕೆಯನ್ನು ಒಮ್ಮೆಯೂ ಬಡಿಯದೆ ಅದು ಸುತ್ತು ಸುತ್ತಾಗಿ ಮೇಲೇರುತ್ತ ಹೋಗಿ ಕೊನೆಗೆ ಒಂದು ಚುಕ್ಕೆಯಾಗಿಬಿಡುವುದು. ದುಡಿಯದೆ ಮೇಲೇರುವ ಈ ಹಕ್ಕಿ ಶಕ್ತಿನಿತ್ಯತ್ವದ ನಿಯಮವನ್ನು ಮುರಿಯುತ್ತಿದೆಯೆ ಎಂದು ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ಮುರಿಯುತ್ತಿಲ್ಲ, ಹದ್ದಿನ ಪ್ರಯಾಣದ ವೆಚ್ಚವನ್ನು ಸೂರ್ಯನು ವಹಿಸಿಕೊಂಡಿರುವನು. ಇದೇ ಉಪಾಯವನ್ನು ಮನುಷ್ಯನೂ ಕಲಿತಿರುವನು. ಅದಕ್ಕಾಗಿ ಅವನು ಕಟ್ಟಿಕೊಂಡ ಎಂಜಿನ್ನಿಲ್ಲದ ವಿಮಾನವೇ ಗ್ಲೈಡರ್.

ಎಂಜಿನ್ ಇಲ್ಲದ ಮೇಲೆ ಅದನ್ನು ಮುಂದಕ್ಕೆ ಒಯ್ಯುವುದು ಯಾವುದು? ಅದರ ತೂಕವೇ. ಇಳಿಜಾರು ರಸ್ತೆಯಲ್ಲಿ ಸೈಕಲ್ಲು ತುಳಿಯದೆಯೇ ಓಡುವಂತೆ ಗ್ಲೈಡರ್ ಗಾಳಿಯ ಕಾಣದ ಇಳಿಜಾರಿನಲ್ಲಿ ಜಾರಿ ವೇಗವನ್ನು ಪಡೆಯುವುದು. ಆ ವೇಗದಿಂದ ರೆಕ್ಕೆಗಳಲ್ಲಿ ಎತ್ತುವ ಬಲ ಹುಟ್ಟುವುದು. ಎತ್ತರದ ರೂಪದಲ್ಲಿರುವ ಸ್ಥಿತಿಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡಿ ದೂರವನ್ನು ಕೊಳ್ಳುವ ವ್ಯಾಪಾರವಿದು. ಅನೇಕ ದೇಶಗಳಲ್ಲಿ ಪಾಠಕ್ಕೆ ಬಳಸುವ ಜರ್ಮನಿಯ ಎಎಸ್‌ಕೆ 21 ಎಂಬ ಎರಡಾಸನದ ಗ್ಲೈಡರನ್ನು ತೆಗೆದುಕೊಳ್ಳೋಣ. ಅದರ ರೆಕ್ಕೆಗಳು ತುದಿಯಿಂದ ತುದಿಗೆ 17 ಮೀಟರ್. ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಹಾರುವಾಗ ಅದು ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 34 ಮೀಟರ್ ಮುಂದೆ ಸಾಗುವುದು. ನಿಶ್ಚಲವಾದ ಗಾಳಿಯಲ್ಲಿ 1,000 ಮೀಟರ್ ಎತ್ತರದಿಂದ ಹೊರಟರೆ 34 ಕಿಲೋಮೀಟರ್ ದೂರದವರೆಗೆ ಹೋಗಬಹುದು. ಸೆಕೆಂಡಿಗೆ ಅದರ ಇಳಿತ ಮುಕ್ಕಾಲು ಮೀಟರಿಗಿಂತಲೂ ಕಡಮೆ.

ಈಗ ಸುತ್ತಲಿನ ಗಾಳಿಯೇ ಸೆಕೆಂಡಿಗೆ ಎರಡು ಮೀಟರಿನಂತೆ ಮೇಲೇಳುತ್ತಿದ್ದರೆ? ಗ್ಲೈಡರ್ ಆ ಗಾಳಿಯೊಳಗೆ ಬೀಳುತ್ತಲೇ ಇರುವುದು. ಆದರೂ ನೆಲದಿಂದ ನೋಡುವವರಿಗೆ ಅದು ಏರುತ್ತಿರುವುದು. ಮೇಲಕ್ಕೆ ಓಡುವ ಯಾಂತ್ರಿಕ ಮೆಟ್ಟಿಲುಗಳ ಮೇಲೆ ಒಬ್ಬನು ನಿಧಾನವಾಗಿ ಕೆಳಗಿಳಿಯುತ್ತಿರುವಂತೆ.

ಇಂಥ ಗಾಳಿಯನ್ನು ಹುಡುಕುವ ಕಲೆ ಬೆಳೆದದ್ದು ಜರ್ಮನಿಯ ರೋನ್ ಬೆಟ್ಟಸಾಲಿನ ವಾಸರ್‌ಕುಪ್ಪೆ ಎಂಬ 950 ಮೀಟರ್ ಎತ್ತರದ ಗುಡ್ಡದಲ್ಲಿ. ಮೊದಲನೆಯ ಮಹಾಯುದ್ಧದ ತರುವಾಯ ವರ್ಸೇಲ್ಸ್ ಒಪ್ಪಂದವು ಜರ್ಮನರ ಎಂಜಿನ್ ವಿಮಾನಗಳಿಗೆ ಕಟ್ಟು ಹಾಕಿತು. ಎಂಜಿನ್ನಿಲ್ಲದವುಗಳ ಗೋಜಿಗೆ ಅದು ಹೋಗಿರಲಿಲ್ಲ! 1920ರಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆದಾಗ ಕ್ಲೆಂಪರರ್ ಎಂಬಾತನು ಗೆದ್ದ ಹಾರಾಟ ಎರಡೂವರೆ ನಿಮಿಷವನ್ನೂ ಮುಟ್ಟಲಿಲ್ಲ. ಎರಡೇ ವರ್ಷಗಳ ಅನಂತರ ಹ್ಯಾನೋವರಿನ ವಿದ್ಯಾರ್ಥಿಗಳು ಕಟ್ಟಿದ ಗ್ಲೈಡರ್ ಮೂರು ಗಂಟೆಗಳಿಗೂ ಮಿಕ್ಕು ಆಕಾಶದಲ್ಲಿ ನಿಂತಿತು. ಬೀಸುಗಾಳಿ ಗುಡ್ಡಕ್ಕೆ ಬಡಿದು ಮೇಲಕ್ಕೆ ತಿರುಗುವ ಕಡೆಯಲ್ಲೇ ಅದು ಅತ್ತಿಂದಿತ್ತ ಹಾರುತ್ತಿತ್ತು. ಆದರೆ ಗುಡ್ಡವನ್ನು ಬಿಟ್ಟು ದೂರ ಹೋಗುವಂತಿರಲಿಲ್ಲ. 1926ರಲ್ಲಿ ಮ್ಯಾಕ್ಸ್ ಕೇಗಲ್ ಎಂಬಾತನನ್ನು ಗುಡುಗುಮೋಡವೊಂದು ಒಳಗೆಳೆದುಕೊಂಡು, 55 ಕಿಲೋಮೀಟರ್ ಆಚೆಯವರೆಗೆ ಹಾರುವಂತೆ ಮಾಡಿತು. ಬದುಕಿ ಇಳಿದದ್ದು ಅವನ ಪುಣ್ಯ. ಗುಡ್ಡವಿಲ್ಲದ ಕಡೆಯಲ್ಲೂ ಏರುಗಾಳಿ ಉಂಟೆಂಬುದು ಇದರಿಂದ ಎಲ್ಲರ ಮನಸ್ಸಿಗೂ ನಾಟಿತು.

ಏರುಗಾಳಿಗೆ ಗುಡುಗುಮೋಡವೇ ಬೇಕೆಂದಿಲ್ಲ. ಬಿಸಿಲಿಗೆ ಉತ್ತ ಒಣಹೊಲ, ಕಲ್ಲುನೆಲ, ಊರಿನ ಚಾವಣಿಗಳು ಬೇಗ ಕಾಯುವುವು. ಕೆರೆಯೂ ಕಾಡೂ ನಿಧಾನ. ಕಾದ ನೆಲದ ಮೇಲಿನ ಗಾಳಿ ಹಿಗ್ಗಿ ಹಗುರವಾಗಿ ಕಂಬದಂತೆ ಮೇಲೇಳುವುದು. ಇದಕ್ಕೆ ಥರ್ಮಲ್ ಎಂದು ಹೆಸರು. ಏರುತ್ತ ಹೋದಂತೆ ಅದು ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಣಿದು, ಕೊನೆಗೆ ಅದರಲ್ಲಿನ ನೀರಾವಿ ಹನಿಗೂಡಿ ಅರಳೆಯ ರಾಶಿಯಂಥ ಬಿಳಿಮೋಡವಾಗುವುದು. ಬಯಲಿನ ಮೇಲೆ ಹಾರುವವನಿಗೆ ಈ ಮೋಡಗಳೇ ದಾರಿಯ ಮೈಲಿಗಲ್ಲುಗಳು.

ಆದರೆ ಕಂಬದೊಳಗೆ ಹೊಕ್ಕಮೇಲೂ ತಾನು ಏರುತ್ತಿರುವೆನೋ ಇಳಿಯುತ್ತಿರುವೆನೋ ಎಂಬುದು ಹಾರುವವನ ಮೈಗೆ ತಿಳಿಯದು. ನಮ್ಮ ಶರೀರಕ್ಕೆ ವೇಗದ ಬದಲಾವಣೆ ತಿಳಿಯುವುದೇ ಹೊರತು ವೇಗ ತಿಳಿಯುವುದಿಲ್ಲ. ಲಿಫ್ಟಿನಲ್ಲಿ ಹೊರಡುವಾಗ, ನಿಲ್ಲುವಾಗ ಮಾತ್ರ ಹೊಟ್ಟೆ ತಳಮಳಿಸುವುದಲ್ಲವೆ? ಈ ಕೊರತೆಯನ್ನು ತುಂಬಿದ್ದು ವೇರಿಯೋಮೀಟರ್. ಅದರ ತತ್ತ್ವ ಬಹು ಸರಳ. ಥರ್ಮಾಸ್ ಸೀಸೆಯಂಥ ಪಾತ್ರೆಯಿಂದ ಸಣ್ಣ ಕಿಂಡಿಯ ಮೂಲಕ ಹೊರಗಾಳಿಗೆ ದಾರಿ. ಮೇಲೇರಿದಾಗ ಹೊರಗಿನ ಒತ್ತಡ ತಗ್ಗಿ ಪಾತ್ರೆಯೊಳಗಿನ ಗಾಳಿ ಹೊರಕ್ಕೆ ಹರಿಯುವುದು, ಇಳಿದಾಗ ಒಳಕ್ಕೆ. ಆ ಹರಿವೇ ಮುಳ್ಳನ್ನು ಸರಿಸುವುದು. ಈ ಉಪಕರಣದ ನೆರವಿನಿಂದ ಕ್ರೋನ್‌ಫೆಲ್ಡ್ ಎಂಬ ಆಸ್ಟ್ರಿಯದ ತರುಣನು 1929ರಲ್ಲಿ ನೂರು ಕಿಲೋಮೀಟರಿನ ಮೇರೆಯನ್ನು ದಾಟಿದನು.

ಇನ್ನು ಕಲಿಯುವವರ ವಿಷಯ. ಶಿಷ್ಯನು ಮುಂದೆ, ಗುರುವು ಹಿಂದೆ. ಕೈಯಲ್ಲಿ ಒಂದು ಹಿಡಿಕೋಲು, ಕಾಲಡಿಯಲ್ಲಿ ಬಾಲದ ಚುಕ್ಕಾಣಿಯ ಪೆಡಲುಗಳು. ಗಾಜಿನ ಮುಚ್ಚಳದ ಹೊರಗೆ ಗೇಣುದ್ದದ ಉಣ್ಣೆಯ ದಾರವನ್ನು ಅಂಟಿಸಿರುವರು. ಕೈಕಾಲುಗಳು ಹೊಂದಿಕೊಂಡು ನಡೆದರೆ ದಾರ ನೆಟ್ಟಗೆ ಹಿಂದಕ್ಕೆ ಮಲಗುವುದು, ಇಲ್ಲವಾದರೆ ಓರೆಯಾಗುವುದು. ಬೆಲೆಬಾಳುವ ಉಪಕರಣಗಳ ನಡುವೆ ಈ ಕಾಸಿನ ದಾರಕ್ಕೆ ಇರುವ ಮರ್ಯಾದೆ ನಮಗಂತೂ ಬಹು ಮೆಚ್ಚುಗೆಯಾದ ಸಂಗತಿ.

ನೆಲ ಬಿಡುವ ಒಂದು ಬಗೆ ಹೀಗೆ. ಬಯಲಿನ ಆಚೆ ತುದಿಯ ವಿಂಚ್ ಯಂತ್ರವು ಸುಮಾರು ಒಂದು ಕಿಲೋಮೀಟರ್ ಉದ್ದದ ಹಗ್ಗವನ್ನು ಸರ್ರನೆ ಸುತ್ತಿಕೊಳ್ಳುವುದು. ಗಾಳಿಪಟದಂತೆ ಮೂಗೆತ್ತಿದ ಗ್ಲೈಡರ್ ಒಂದು ನಿಮಿಷದೊಳಗಾಗಿ ಮುನ್ನೂರು ನಾನೂರು ಮೀಟರ್ ಏರುವುದು. ನಡುದಾರಿಯಲ್ಲಿ ಹಗ್ಗ ಹರಿದರೆ? ಶಿಷ್ಯನ ನಿಜವಾದ ಪರೀಕ್ಷೆ ಇದೇ. ಮೂಗು ಆಕಾಶಕ್ಕೆ, ಎಳೆಯುವ ಬಲ ಮಾಯ. ಕೆಲವೇ ಕ್ಷಣಗಳಲ್ಲಿ ವೇಗ ಕುಗ್ಗಿ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಳ್ಳುವುವು. ನೆಲಕ್ಕೆ ಬೀಳುವೆನೆಂಬ ಭಯದಲ್ಲಿ ಕೈ ತಾನಾಗಿ ಕೋಲನ್ನು ಹಿಂದಕ್ಕೆಳೆದು ಮೂಗನ್ನು ಇನ್ನೂ ಎತ್ತಲು ಹವಣಿಸುವುದು. ಅದೇ ಮೃತ್ಯು. ಕೋಲನ್ನು ಮುಂದಕ್ಕೆ ನೂಕಿ, ಯಾವ ನೆಲಕ್ಕೆ ಅಂಜುವನೋ ಆ ನೆಲದ ಕಡೆಗೇ ಮೂಗನ್ನು ತಿರುಗಿಸಬೇಕು. ತೂಕವೇ ಎಂಜಿನ್ ಎಂದೆವಲ್ಲ, ಆ ಎಂಜಿನ್ನನ್ನು ಮತ್ತೆ ಹೂಡುವ ಬಗೆ ಇದೊಂದೇ. ವೇಗ ಬಂದ ಮೇಲೆ ಎತ್ತರ ಕಡಮೆಯಿದ್ದರೆ ನೇರವಾಗಿ ಮುಂದೆಯೇ ಇಳಿಯಬೇಕು. ಸಾಕಷ್ಟಿದ್ದರೆ ಸುತ್ತಿ ಬರಬಹುದು. ಗುರುಗಳು ಮುನ್ಸೂಚನೆ ಕೊಡದೆ ತಾವೇ ಹಗ್ಗವನ್ನು ಕಳಚಿ ಇದನ್ನು ಅಭ್ಯಾಸ ಮಾಡಿಸುವರು. ಕೈಯ ಸಹಜಬುದ್ಧಿ ಬದಲಾಗುವವರೆಗೆ ಶಿಷ್ಯನನ್ನು ಒಂಟಿಯಾಗಿ ಬಿಡುವಂತಿಲ್ಲ.

ಯೂರೋಪಿನಲ್ಲಿ 14 ತುಂಬಿದವರು ಒಂಟಿಯಾಗಿ ಹಾರಬಹುದು. ಪರವಾನಗಿಗೆ 16 ಆಗಬೇಕು. ಕಡಮೆಯೆಂದರೆ 15 ಗಂಟೆಗಳ ಶಿಕ್ಷಣ, 45 ಬಾರಿ ಏರಿ ಇಳಿದ ಲೆಕ್ಕ ಅದಕ್ಕೆ ಅಗತ್ಯ. ಇಳಿಯುವಾಗ ಎಂಜಿನ್ ವಿಮಾನದಂತೆ ಮತ್ತೊಮ್ಮೆ ಮೇಲೆದ್ದು ಸುತ್ತಿ ಬರುವ ಅವಕಾಶವಿಲ್ಲ. ಆದುದರಿಂದ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚಿನ ಎತ್ತರವನ್ನು ಕೈಯಲ್ಲಿಟ್ಟುಕೊಂಡು ಬಂದು, ರೆಕ್ಕೆಯ ಮೇಲಿನ ತಡೆಹಲಗೆಗಳನ್ನು ಎತ್ತಿ ಮಿಕ್ಕುದನ್ನು ಕಳೆಯುವರು.

ದೂರ ಹೋದವರಿಗೆ ಸಂಜೆ ಥರ್ಮಲ್ ಸಿಕ್ಕದಿದ್ದರೆ ಯಾರದೋ ಹೊಲವೇ ನಿಲ್ದಾಣ. ಕಂಬ, ತಂತಿ, ನಿಂತ ಬೆಳೆ, ದನಗಳು ಇವಿಲ್ಲದ ಜಾಗವನ್ನು ಎತ್ತರವಿರುವಾಗಲೇ ಗುರುತಿಟ್ಟುಕೊಳ್ಳಬೇಕು. ಇಳಿದ ಮೇಲೆ ಗೆಳೆಯರಿಗೆ ಸುದ್ದಿ ಕೊಟ್ಟು, ಅವರು ಉದ್ದನೆಯ ಗಾಡಿಯನ್ನು ಮೋಟಾರಿಗೆ ಕಟ್ಟಿಕೊಂಡು ಬರುವವರೆಗೆ ಬದುವಿನ ಮೇಲೆ ಕುಳಿತಿರುವುದು. ಅನಂತರ ರೆಕ್ಕೆಗಳನ್ನು ಕಳಚಿ ಗಾಡಿಗೇರಿಸಿ, ರಸ್ತೆಯ ದಾರಿಯಲ್ಲಿ ಮನೆಗೆ.