ವಿಲಿಯಂ ಲೀಫ್ ರಾಬಿನ್ಸನ್

ವಿಲಿಯಂ ಲೀಫ್ ರಾಬಿನ್ಸನ್ (14 ಜುಲೈ 1895 – 31 ಡಿಸೆಂಬರ್ 1918) ಮೊದಲನೆಯ ಮಹಾಯುದ್ಧ ಕಾಲದ ಬ್ರಿಟಿಷ್ ವೈಮಾನಿಕ ಅಧಿಕಾರಿ. ಬ್ರಿಟನ್ನಿನ ನೆಲದ ಮೇಲೆ ಜರ್ಮನ್ ವಾಯುನೌಕೆಯೊಂದನ್ನು ಹೊಡೆದುರುಳಿಸಿದ ಮೊದಲಿಗರು. ಇದಕ್ಕಾಗಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು.

ಜನನ ಮತ್ತು ವಿದ್ಯಾಭ್ಯಾಸ

ರಾಬಿನ್ಸನ್ ಕೊಡಗಿನ ಪಾಲಿಬೆಟ್ಟದ ಸಮೀಪ, ತಂದೆ ಹೊರೇಸ್ ರಾಬಿನ್ಸನ್ ಅವರ ಕಾಫಿ ತೋಟದಲ್ಲಿ ಜನಿಸಿದರು. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಬೆಂಗಳೂರು ದಂಡು ಪ್ರದೇಶದ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿ, 1909ರಲ್ಲಿ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆಗೆ ಸೇರಿದರು. ಅಲ್ಲಿ ಶಾಲೆಯ ಪ್ರಥಮ ರಗ್ಬಿ ತಂಡದಲ್ಲಿ ಆಡಿದರು. ವಿದ್ಯಾರ್ಥಿ ಸೈನಿಕ ದಳದಲ್ಲಿ ಸಾರ್ಜೆಂಟ್ ಆಗಿದ್ದರು.

ಸೇನಾ ಸೇವೆ

1914ರಲ್ಲಿ ಸ್ಯಾಂಡ್‌ಹರ್ಸ್ಟ್ ಸೇನಾ ಕಾಲೇಜಿಗೆ ಸೇರಿ, ಡಿಸೆಂಬರಿನಲ್ಲಿ ವೂಸ್ಟರ್‌ಷೈರ್ ರೆಜಿಮೆಂಟಿನ ಅಧಿಕಾರಿಯಾದರು. 1915ರ ಮಾರ್ಚಿನಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಸೇರಿ ಫ್ರಾನ್ಸಿನಲ್ಲಿ ವೀಕ್ಷಕರಾಗಿ ಹಾರಾಟ ನಡೆಸಿದರು. ಲೀಲ್ ನಗರದ ಮೇಲೆ ಗಾಯಗೊಂಡು ಚೇತರಿಸಿಕೊಂಡ ಬಳಿಕ ವಿಮಾನ ಚಾಲನೆ ಕಲಿತರು.

ವಾಯುನೌಕೆಯ ಪತನ

1916ರ ಸೆಪ್ಟೆಂಬರ್ 2–3ರ ರಾತ್ರಿ ಜರ್ಮನ್ ವಾಯುನೌಕೆಗಳು ಇಂಗ್ಲೆಂಡಿನ ಮೇಲೆ ದಾಳಿ ನಡೆಸಿದವು. 39ನೆಯ ಸ್ಕ್ವಾಡ್ರನ್ನಿನ ರಾಬಿನ್ಸನ್ ಬಿ.ಇ.2ಸಿ ವಿಮಾನದಲ್ಲಿ ಗಸ್ತು ತಿರುಗುತ್ತಿದ್ದರು. ಸುಮಾರು 11,500 ಅಡಿ ಎತ್ತರದಲ್ಲಿ ಎಸ್.ಎಲ್.11 ಅವರಿಗೆ ಎದುರಾಯಿತು. ಹೈಡ್ರೋಜನ್ ಅನಿಲವು ಗಾಳಿಯೊಂದಿಗೆ ಬೆರೆತಾಗಲಷ್ಟೇ ಹೊತ್ತಿಕೊಳ್ಳುವುದರಿಂದ ಸಾಮಾನ್ಯ ಗುಂಡುಗಳು ಇಂತಹ ನೌಕೆಗಳಿಗೆ ಹೆಚ್ಚಿನ ಹಾನಿ ಮಾಡುತ್ತಿರಲಿಲ್ಲ. ಹೀಗಾಗಿ ಸ್ಫೋಟಕ ಹಾಗೂ ದಹನಕಾರಿ ಗುಂಡುಗಳು ಬಳಕೆಗೆ ಬಂದಿದ್ದವು. ನೌಕೆಯ ಉದ್ದಕ್ಕೂ ಹಾರಿಸಿದ ಎರಡು ಡ್ರಮ್ ಗುಂಡುಗಳು ಫಲಿಸಲಿಲ್ಲ. ಮೂರನೆಯದನ್ನು ಹಿಂಭಾಗದ ಒಂದೇ ಸ್ಥಳಕ್ಕೆ ಗುರಿಯಿಟ್ಟು ಹಾರಿಸಿದಾಗ ನೌಕೆ ಹೊತ್ತಿ ಉರಿದು ಕಫ್ಲಿ ಗ್ರಾಮದ ಬಳಿ ಬಿದ್ದಿತು. ಅದರಲ್ಲಿದ್ದ 16 ಮಂದಿಯೂ ಮೃತಪಟ್ಟರು. ಲಂಡನ್ನಿನ ಸಾವಿರಾರು ಜನರು ಈ ದೃಶ್ಯವನ್ನು ನೋಡಿ ಹರ್ಷೋದ್ಗಾರ ಮಾಡಿದರು.

ಸೆರೆ ಮತ್ತು ಮರಣ

1917ರ ಏಪ್ರಿಲ್ 5ರಂದು ರಾಬಿನ್ಸನ್ ನಾಯಕತ್ವದಲ್ಲಿ ಹೊರಟ ಆರು ಬ್ರಿಸ್ಟಲ್ ವಿಮಾನಗಳಿಗೆ ಮಾನ್‌ಫ್ರೆಡ್ ಫಾನ್ ರಿಖ್ತೋಫೆನ್ ನೇತೃತ್ವದ ಜರ್ಮನ್ ಪಡೆ ಎದುರಾಯಿತು. ನಾಲ್ಕು ವಿಮಾನಗಳು ಉರುಳಿದವು, ರಾಬಿನ್ಸನ್ ಸೆರೆಯಾದರು. ಹಲವು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದ್ದರಿಂದ ಹೋಲ್ಟ್ಸ್‌ಮಿಂಡನ್ ಶಿಬಿರದಲ್ಲಿ ಏಕಾಂತವಾಸ ಸೇರಿದಂತೆ ಕಠಿಣ ಶಿಕ್ಷೆಗಳನ್ನು ಅನುಭವಿಸಿದರು. ಸೆರೆವಾಸದಿಂದ ಅವರ ಆರೋಗ್ಯ ಕುಂದಿತು. 1918ರ ಡಿಸೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿದ ಅವರು, ಅದೇ ತಿಂಗಳ 31ರಂದು ಸ್ಪ್ಯಾನಿಷ್ ಜ್ವರದಿಂದ ಸ್ಟ್ಯಾನ್‌ಮೋರ್‌ನಲ್ಲಿ ನಿಧನರಾದರು. ಆಗ ಅವರಿಗೆ 23 ವರ್ಷ. ಹ್ಯಾರೋ ವೀಲ್ಡ್‌ನಲ್ಲಿ ಅವರ ಸಮಾಧಿಯಿದೆ. ಕಫ್ಲಿಯಲ್ಲಿ 1921ರಲ್ಲಿ ಸ್ಮಾರಕ ಸ್ತಂಭವನ್ನು ಸ್ಥಾಪಿಸಲಾಯಿತು.